ರೋಲರ್ ಮುಂದೆ ನಾಲ್ವರು

ನಾಯಂಡಹಳ್ಳಿಯ ಗೋಡೌನುಗಳ ಸಾಲಿನಲ್ಲಿ ಲಕ್ಷ್ಮೀಪತಿಯ ಲಾಂಡ್ರಿ ಇತ್ತು. ರಾಜಾಜಿನಗರ, ಬಸವೇಶ್ವರನಗರದ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ದಿನವೂ ಟೆಂಪೊ ತುಂಬಿ ಅಲ್ಲಿಗೆ ಬರುತ್ತಿತ್ತು. ಒಗೆದು, ಇಸ್ತ್ರಿಯಾಗಿ, ಮಡಚಿ ಸಂಜೆಗೆ ವಾಪಸು ಹೋಗುತ್ತಿತ್ತು. ನಲವತ್ತೆರಡು ಜನ ಕೆಲಸಕ್ಕಿದ್ದರು. ಲಕ್ಷ್ಮೀಪತಿಯ ಅಪ್ಪ ಆ ಜಾಗದಲ್ಲಿ ರಾಗಿ ಬೆಳೆದಿದ್ದ. ಮಗ ಅಲ್ಲಿ ತಗಡಿನ ಷೆಡ್ಡು ಹಾಕಿಸಿ, ತಾನು ಕೂರುವುದಕ್ಕೆ ಮಾತ್ರ ಎಸಿ ಇರುವ ಗಾಜಿನ ಕೋಣೆ ಮಾಡಿಸಿಕೊಂಡಿದ್ದ.

ಷೆಡ್ಡಿನ ನಡುವೆ ರೋಲರ್ ಮಷೀನು. ಎರಡಾಳು ಉದ್ದದ ಬಿಸಿ ಉರುಳೆಗಳು. ಒದ್ದೆ ಬೆಡ್‌ಶೀಟಿನ ಎರಡು ಮೂಲೆಗಳನ್ನು ಇಬ್ಬರು ಹಿಡಿದು, ಸುಕ್ಕಿಲ್ಲದಂತೆ ಎಳೆದು ಅದರ ಬಾಯಿಗೆ ಕೊಡಬೇಕು. ಒಟ್ಟಿಗೆ ಎರಡು ಶೀಟು ಒಳಗೆ ಹೋಗುವುದರಿಂದ ಮುಂದೆ ನಾಲ್ಕು ಜನ ಬೇಕು. ಆ ನಾಲ್ವರು ಗುರುದೇವಿ, ಹನುಮವ್ವ, ಕಸ್ತೂರೆವ್ವ ಮತ್ತು ಉಮಾಶ್ರೀ. ನಾಲ್ವರೂ ಉತ್ತರ ಕರ್ನಾಟಕದಿಂದ ಬಂದವರು. ಉಮಾಶ್ರೀಗೆ ಇಪ್ಪತ್ತೆರಡು, ಹನುಮವ್ವನಿಗೆ ಐವತ್ತು ದಾಟಿತ್ತು.

ನರಗುಂದದ ಕಡೆಯ ಗುರುದೇವಿ ಒಂಬತ್ತು ವರ್ಷದಿಂದ ಆ ಮಷೀನಿನ ಮುಂದೆ ನಿಂತವಳು. ಮಾತು ಕಡಿಮೆ, ಮೂಗು ಮುರಿಯುವುದು ಹೆಚ್ಚು. ಲಕ್ಷ್ಮೀಪತಿಯನ್ನು ಅವಳು ಹಿಂದಿನಿಂದ ‘ಗಾಜಿನ ಗೌಡ’ ಎನ್ನುತ್ತಿದ್ದಳು. ಎಚ್ಆರ್ ಮುರಳೀಕೃಷ್ಣನಿಗೆ ಹೆಸರಿಡುವ ಗೋಜಿಗೂ ಹೋಗಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಹನುಮವ್ವ ಶೀಟಿನ ಮೂಲೆ ಹಿಡಿದುಕೊಂಡೇ ಕುಸಿದಳು. ಕೈ ರೋಲರಿಗೆ ಸಿಗದಿದ್ದುದು ಕಸ್ತೂರೆವ್ವ ಮಷೀನು ನಿಲ್ಲಿಸುವ ಕೆಂಪು ಗುಂಡಿ ಒತ್ತಿದ್ದರಿಂದ. ಹನುಮವ್ವನನ್ನು ಹೊರಗೆ ಹಲಸಿನ ಮರದಡಿ ಮಲಗಿಸಿ ಮುಖಕ್ಕೆ ನೀರು ಹೊಡೆದರು. ಮುರಳೀಕೃಷ್ಣ ಒಂದು ಎಳನೀರು ತರಿಸಿ, ಅವಳು ಅದನ್ನು ಕುಡಿಯುವ ಫೋಟೊ ತೆಗೆದುಕೊಂಡ.

ಮರುದಿನ ಗುರುದೇವಿ ಗಾಜಿನ ಕೋಣೆಗೆ ಹೋಗಿ ನಿಂತಳು. “ಸಾರ್, ಒಳಗ ಹಬೆ ಹೊರಗ ಹೋಗಾಕ ದಾರಿ ಇಲ್ರೀ. ಗ್ವಾಡಿಗೆ ದೊಡ್ಡ ಫ್ಯಾನ್ ಹಾಕಸ್ರಿ. ನೀರು ಕುಡ್ಯಾಕ ನಡುನಡುವ ಐದು ನಿಮಿಷ ಬಿಡ್ರಿ.”

“ನೋಡಮ್ಮ, ನಾವೆಲ್ಲ ಒಂದೇ ಫ್ಯಾಮಿಲಿ. ನಿಮ್ ಕಷ್ಟ ನಂಗ್ ಗೊತ್ತಾಗಲ್ವಾ? ಏನೋ ಒಂದು ಮಾಡಣ” ಎಂದ ಲಕ್ಷ್ಮೀಪತಿ. ಮಾತಾಡುವಾಗ ಎಸಿಯ ರಿಮೋಟು ಕೈಯಲ್ಲೇ ಇತ್ತು.

ಅವನು ಮಾಡಿದ ‘ಏನೋ ಒಂದು’ ಮೇ ತಿಂಗಳ ಮೊದಲ ಬುಧವಾರ ಆಟೊದಿಂದ ಇಳಿಯಿತು. ಆಕೆಯ ಹೆಸರು ಚೈತ್ರ. ಬಸವೇಶ್ವರನಗರದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಗುಂಪುಗಾಯನ ಕಲಿಸುವವಳು. ಈಗೀಗ ಕಂಪನಿಗಳಿಗೂ ಹೋಗಿ ಹಾಡಿಸುತ್ತಿದ್ದಳು. ಬಟ್ಟೆ ಕಳಿಸುವ ದೊಡ್ಡ ಆಸ್ಪತ್ರೆಯೊಂದು, ನಿಮ್ಮ ಕೆಲಸಗಾರರ ಕ್ಷೇಮಕ್ಕೆ ಏನು ಮಾಡಿದ್ದೀರಿ, ಆಗಸ್ಟಿನಲ್ಲಿ ಬಂದು ನೋಡುತ್ತೇವೆ ಎಂದಿತ್ತು. ಮುರಳೀಕೃಷ್ಣ ಎಲ್ಲೋ ಓದಿದ್ದ: ಜೊತೆಗೂಡಿ ಹಾಡಿದರೆ ಒತ್ತಡ ಇಳಿಯುತ್ತದೆ, ತಂಡ ಗಟ್ಟಿಯಾಗುತ್ತದೆ. ಫ್ಯಾನಿಗಿಂತ ಹಾಡು ಸಲೀಸು. ಗೋಡೆ ಒಡೆಯಬೇಕಾಗಿಲ್ಲ.

ಊಟದ ಬಿಡುವಿನ ಕೊನೆಯ ಅರ್ಧ ಗಂಟೆಯನ್ನು ಹಾಡಿಗೆಂದು ಕಿತ್ತುಕೊಂಡರು. ಎಲ್ಲರನ್ನೂ ಪ್ಯಾಕಿಂಗ್ ಜಾಗದಲ್ಲಿ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದರು. ಹಾಡು ಮುರಳೀಕೃಷ್ಣನೇ ಬರೆದದ್ದು. ಅದನ್ನವನು ಕನ್ನಡಕ ಏರಿಸಿಕೊಂಡು ಓದಿ ತೋರಿಸಿದ:

ಬಿಳುಪೇ ಬದುಕು, ಬಿಳುಪೇ ಬೆಳಕು,
ನಮ್ಮಯ ಕಂಪನಿ ನಮ್ಮಯ ಬದುಕು.

“ಎರಡು ಸಾಲಿನ್ಯಾಗ ಬದುಕು ಎರಡು ಸಲ ಬಂತು. ಮತ್ತೊಂದು ಪದ ಸಿಗಲಿಲ್ಲ ಪಾಪ, ಓದಿದವರಿಗೆ” ಎಂದಳು ಗುರುದೇವಿ, ಪಕ್ಕದ ಉಮಾಶ್ರೀಗೆ ಕೇಳುವಷ್ಟೇ ಗಟ್ಟಿಯಾಗಿ. ಉಮಾಶ್ರೀ ಕೆಮ್ಮಿ ನಗು ನುಂಗಿದಳು.

ಗುರುದೇವಿಯ ತಿರಸ್ಕಾರಕ್ಕೆ ಕಾರಣವಿತ್ತು. ಊರಿನ ಮಠದಲ್ಲಿ ಅವಳು ಹನ್ನೊಂದು ವರ್ಷ ಭಜನೆಯ ಮೇಳದಲ್ಲಿ ಮುಂದೆ ಕೂತು ಹಾಡಿದವಳು. ಹಾಡು ಎಂದರೆ ಏನು ಎಂದು ಬಸವೇಶ್ವರನಗರದಿಂದ ಒಬ್ಬಳು ಬಂದು ಹೇಳಿಕೊಡಬೇಕಿರಲಿಲ್ಲ. ಕಂಪನಿಯನ್ನು ಹೊಗಳುವ ಹಾಡಂತೂ ಬೇಕಾಗಿರಲಿಲ್ಲ. ಮೊದಲ ಬುಧವಾರ ತುಟಿ ಬಿಚ್ಚಲಿಲ್ಲ. ಎರಡನೆಯ ಬುಧವಾರ ಉಪಾಯ ಬದಲಿಸಿದಳು. ಮಠದ ಬಯಲಿನಲ್ಲಿ ಮೈಕಿಲ್ಲದೆ ಹಾಡಿದ ಗಂಟಲನ್ನು ಪೂರ್ತಿ ತೆರೆದು ಹಾಡಿದಳು. ಉಳಿದ ನಲವತ್ತು ದನಿಗಳು ಅದರಡಿ ಮುಚ್ಚಿಹೋದವು. ಮುರಳೀಕೃಷ್ಣ ಅದನ್ನೇ ಉತ್ಸಾಹ ಎಂದುಕೊಂಡು ತಾಳ ತಪ್ಪಿ ಚಪ್ಪಾಳೆ ಹೊಡೆದ.

ಚೈತ್ರ ಮೋಸಹೋಗಲಿಲ್ಲ. ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದಳು.

“ನಿಮ್ದು ಕಲಿತ ಕಂಠ. ಬೇಕಂತಲೇ ಕೆಡಿಸ್ತಾ ಇದೀರಲ್ವಾ?”

“ಹಾಡ್ರಿ ಅಂದ್ರಿ, ಹಾಡಿದ್ನಿ.”

“ನಿಮ್ಮ ಪಕ್ಕ ನಿಂತಿದ್ರಲ್ಲ, ಹನುಮವ್ವ, ಅವರ ದನಿ ನಿಮಗೆ ಕೇಳಿಸ್ತಾ?”

“ಇಲ್ಲ.”

“ಅವರು ಹಾಡ್ತಾನೇ ಇರ್ಲಿಲ್ಲ. ಎದೆ ಹಿಡ್ಕೊಂಡು ನಿಂತಿದ್ರು. ನೀವೊಬ್ರೇ ಅವರಿಗೆ ಹತ್ರ ಇದ್ದಿದ್ದು.”

ಗುರುದೇವಿಗೆ ಅದು ಚುಚ್ಚಿತು. ಆದರೆ ಒಪ್ಪಿಕೊಳ್ಳುವ ಹೆಣ್ಣಲ್ಲ. “ಎದಿ ಹಿಡ್ಕೊಂಡದ್ದು ಹಾಡಿಗಲ್ಲ, ಹಬಿಗೆ. ಹೋಗಿ ಅಲ್ಲಿ ಮಷೀನ್ ಮುಂದ ನಿಂದರ್ರಿ, ತಿಳೀತೈತಿ” ಎಂದು ತಿರುಗಿ ಹೋದಳು.

ಮೂರನೆಯ ಬುಧವಾರ ಚೈತ್ರ ಮುರಳೀಕೃಷ್ಣನ ಹಾಡನ್ನು ಬದಿಗಿಟ್ಟಳು. ಬರೀ ‘ಆ’ ಎಂಬ ಒಂದು ಸ್ವರ. “ಇದನ್ನ ನಾನು ಮುಷ್ಟಿ ಮುಚ್ಚೋವರೆಗೂ ನಿಲ್ಲಿಸಬಾರದು. ಅಂಗೈ ತೆರೆದಿದ್ರೆ ಹಾಡ್ತಾನೇ ಇರ್ಬೇಕು. ಆದ್ರೆ ಯಾರೂ ಉಸಿರು ಕಟ್ಟಬಾರದು. ಪಕ್ಕದವರು ಉಸಿರು ತಗೊಳ್ಳೋವಾಗ ನೀವು ತಗೋಬೇಡಿ. ಅವರು ಮುಗಿಸ್ಲಿ, ಆಮೇಲೆ ನೀವು. ಒಬ್ರು ಬಿಟ್ಟಿದ್ದನ್ನ ಇನ್ನೊಬ್ರು ತುಂಬಿ. ಕೇಳೋವ್ರಿಗೆ ಎಲ್ಲೂ ತುಂಡಾಗಬಾರದು.”

ಭಜನೆಯಲ್ಲಿ ಹೀಗಿರಲಿಲ್ಲ. ಅಲ್ಲಿ ಮುಂದಿನವಳು ಹಾಡಿದಾಗ ಹಿಂದಿನವರಿಗೆ ಬಿಡುವು, ಹಿಂದಿನವರು ಹಾಡಿದಾಗ ಮುಂದಿನವಳಿಗೆ. ಇಲ್ಲಿ ಯಾರ ಸರದಿ ಎಂದು ಹೇಳುವವರಿಲ್ಲ. ಪಕ್ಕದವಳ ಎದೆ ಏರುವುದನ್ನು ಕಿವಿಯಲ್ಲೇ ತಿಳಿಯಬೇಕು. ಮೊದಲೆರಡು ಸಲ ಸ್ವರ ಹರಿದ ಚೀಲದ ಹಾಗೆ ಅಲ್ಲಲ್ಲಿ ಸೋರಿತು. ಮೂರನೆಯ ಸಲ ನಿಂತಿತು. ಒಂದು ನಿಮಿಷ, ಎರಡು ನಿಮಿಷ, ತಗಡಿನ ಸೂರಿನಡಿ ಒಂದೇ ದನಿ. ಹನುಮವ್ವ ನಡುನಡುವೆ ಸುಮ್ಮನಿದ್ದು ಮತ್ತೆ ಸೇರಿಕೊಂಡಳು, ಯಾರಿಗೂ ಗೊತ್ತಾಗಲಿಲ್ಲ. ಗುರುದೇವಿ ಮಾತ್ರ ನೋಡಿದಳು. ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆ ಮಧ್ಯಾಹ್ನ ಮೂರು ಗಂಟೆಗೆ ಹನುಮವ್ವನ ಉಸಿರು ಗಿಡ್ಡವಾದದ್ದು ಗುರುದೇವಿಯ ಕಿವಿಗೆ ಬಿತ್ತು. ಮೊದಲೂ ಅದು ಹಾಗೇ ಆಗುತ್ತಿತ್ತೇನೋ, ಅವಳು ಕೇಳಿರಲಿಲ್ಲ.

“ಹನುಮಕ್ಕ, ನಡಿ, ಮರದ ಕೆಳಗ ಕುಂತು ಬಾ.”

“ಮಷೀನ್ ನಿಂತರ ಬೈತಾರವ್ವಾ.”

“ನಿಂದ್ರಂಗಿಲ್ಲ. ನಡಿ ನೀ.”

ಹನುಮವ್ವ ಬಿಟ್ಟ ಮೂಲೆಯನ್ನು ಗುರುದೇವಿ ಹಿಡಿದಳು. ಬಲಗೈಯಲ್ಲಿ ಒಂದು ಶೀಟಿನ ತುದಿ, ಎಡಗೈಯಲ್ಲಿ ಇನ್ನೊಂದರದು. ಆ ಕಡೆ ಕಸ್ತೂರೆವ್ವ, ಈ ಕಡೆ ಉಮಾಶ್ರೀ. ಮೂರು ಜನ ಎರಡು ಶೀಟು ಕೊಟ್ಟರು. ನಡುವೆ ನಿಂತವಳ ತೋಳು ಕಳಚುವ ಹಾಗಾಯಿತು, ಆದರೆ ಐದು ನಿಮಿಷ ತಡೆಯಬಹುದಿತ್ತು. ಹನುಮವ್ವ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. ಅವಳ ನಂತರ ಉಮಾಶ್ರೀ ಹೋದಳು, ಕಸ್ತೂರೆವ್ವ ನಡುವೆ ನಿಂತಳು. ಮಷೀನು ಒಮ್ಮೆಯೂ ನಿಲ್ಲಲಿಲ್ಲ.

ಹೀಗೆ ಜೂನ್ ಕಳೆಯಿತು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಯಾರಿಗೆ ಬೇಕೋ ಅವರು ಹೋಗುತ್ತಿದ್ದರು, ಉಳಿದವರು ತುಂಬುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಉಮಾಶ್ರೀ ಹಲ್ಲು ಕಚ್ಚಿ ನಿಲ್ಲುವುದು ತಪ್ಪಿತು. ಹನುಮವ್ವ ಮತ್ತೆ ಕುಸಿಯಲಿಲ್ಲ. ತಲೆ ಹಗುರವಿದ್ದುದರಿಂದ ಕೆಲಸವೂ ಚುರುಕಾಯಿತು. ಸಂಜೆಯ ಟೆಂಪೊ ಹೊತ್ತಿಗೆ ಮುಂಚೆ ತುಂಬತೊಡಗಿತು. ಕಸ್ತೂರೆವ್ವ ಒಮ್ಮೆ, “ಆ ಹಾಡಿನಾಕಿ ಒಂದ್ ಚಲೋದ್ ಕಲಿಸಿದ್ಲು ನೋಡು” ಎಂದಳು. ಗುರುದೇವಿ, “ಆಕಿ ಹಾಡು ಕಲಿಸಾಕ ಬಂದಿದ್ಲು. ಇದನ್ನ ಕಲ್ತದ್ದು ನಾವು” ಎಂದು ಮೂಗು ಮುರಿದಳು.

ಗಾಜಿನ ಕೋಣೆಯಲ್ಲಿ ಕ್ಯಾಮೆರಾದ ಪರದೆ ಇತ್ತು. ಮುರಳೀಕೃಷ್ಣ ಅದನ್ನು ದಿನಗಟ್ಟಲೆ ನೋಡಿದ. ಕೆಲಸ ಹೆಚ್ಚಾದದ್ದು ತನ್ನ ಹಾಡಿನಿಂದ ಎಂದು ಮೊದಲು ಬೀಗಿದ. ಆಮೇಲೆ ಮತ್ತೊಂದು ಅವನ ಕಣ್ಣಿಗೆ ಬಿತ್ತು: ರೋಲರ್ ಮುಂದೆ ಬಹಳ ಹೊತ್ತು ಮೂರೇ ಜನ ಇದ್ದಾರೆ, ಕೆಲಸ ನಡೆಯುತ್ತಿದೆ. ಹಾಗಾದರೆ ನಾಲ್ಕನೆಯವಳು ಯಾಕೆ? ಐದು ನಿಮಿಷ ತಡೆದದ್ದನ್ನು ಒಂಬತ್ತು ಗಂಟೆ ತಡೆಯಬಹುದು ಎಂದು ಲೆಕ್ಕ ಹಾಕುವ ತಲೆ ಅದು. ಬೇರೆಯವರ ತೋಳಾದರೆ ಎಲ್ಲರಿಗೂ ಅಂಥ ಲೆಕ್ಕ ಬರುತ್ತದೆ.

ಜುಲೈ ಮೊದಲ ವಾರ ಹನುಮವ್ವನನ್ನು ಕರೆದು ಕೂರಿಸಿದರು. ಕಾಫಿ ಕೊಟ್ಟರು. ನಿಮ್ಮ ಆರೋಗ್ಯದ ದೃಷ್ಟಿಯಿಂದ ವಿಶ್ರಾಂತಿ ತಗೊಳ್ಳಿ ಅಂದರು. ಹನುಮವ್ವ ಊಟದ ಡಬ್ಬಿ ಎತ್ತಿಕೊಂಡು ಹೊರಬಂದಾಗ ಗುರುದೇವಿ ಮಷೀನು ಬಿಟ್ಟು ಓಡಿದಳು.

“ಏನಂದ್ರು?”

“ಮೂರು ಜನ ಸಾಕಂತ. ಕ್ಯಾಮ್ರಾದಾಗ ನೋಡ್ಯಾರಂತ.” ಹನುಮವ್ವನ ದನಿಯಲ್ಲಿ ದೂರು ಇರಲಿಲ್ಲ, ಅದೇ ಗುರುದೇವಿಗೆ ತಡೆಯದಾಯಿತು. “ನೀ ಮನಸಿಗೆ ಹಚ್ಕೋಬ್ಯಾಡ ತಂಗಿ. ನನ್ನ ಉಳಿಸಾಕ ಮಾಡಿದಿ.”

ಗುರುದೇವಿ ಅಂದು ಮಾರೇನಹಳ್ಳಿಯ ತನ್ನ ಕೋಣೆಗೆ ನಡೆದೇ ಹೋದಳು. ಮುರಳೀಕೃಷ್ಣನ ಮೇಲಿನ ಹೇಸಿಗೆ ಹೊಸದಲ್ಲ. ತನ್ನ ಮೇಲಿನದು ಹೊಸದು. ಒಂಬತ್ತು ವರ್ಷ ಆ ಜನರನ್ನು ಹುಳದಂತೆ ಕಂಡವಳು, ಅವರ ಕಣ್ಣೆದುರೇ ಅವರಿಗೆ ಬೇಕಾದ್ದನ್ನು ಮಾಡಿ ತೋರಿಸಿದ್ದಳು. ಅಷ್ಟು ಬುದ್ಧಿವಂತೆ ಎಂದುಕೊಂಡವಳಿಗೆ ಕ್ಯಾಮೆರಾ ಇರುವುದು ನೆನಪಾಗಿರಲಿಲ್ಲ.

ಮರುದಿನದಿಂದ ಮೂವರೂ ಹೊಂದಾಣಿಕೆ ನಿಲ್ಲಿಸಿದರು. ನಡುವೆ ನಿಂತವಳಿಗೆ ತೋಳು ನೋವು ಬಂದರೆ ಕೆಂಪು ಗುಂಡಿ. ಒಬ್ಬಳಿಗೆ ಬಾಯಾರಿದರೆ ಕೆಂಪು ಗುಂಡಿ. ಮೊದಲ ದಿನ ಹದಿನಾಲ್ಕು ಸಲ ಮಷೀನು ನಿಂತಿತು. ಆರಿದ ರೋಲರು ಮತ್ತೆ ಕಾಯಲು ಹೊತ್ತು ಹಿಡಿಯುತ್ತಿತ್ತು. ಬಟ್ಟೆ ಗುಡ್ಡೆ ಬಿತ್ತು. ಬೈದರೆ ಮೂವರೂ ಒಂದೇ ಮಾತು: “ನಾಲ್ಕು ಜನರ ಕೆಲಸ ರೀ ಇದು.”

ಲಕ್ಷ್ಮೀಪತಿ ಮುರಳೀಕೃಷ್ಣನನ್ನು ಕೇಳಿದ. ಮುರಳೀಕೃಷ್ಣ ಯೋಚಿಸಿ, “ಸಾರ್, ಸಿಂಗಿಂಗ್ ಎಫೆಕ್ಟ್ ಇಳಿದ್ಹೋಗಿದೆ. ಆರು ಸೆಷನ್ ಆಗಿ ಒಂದು ತಿಂಗಳಾಯ್ತಲ್ಲ. ಚೈತ್ರ ಮೇಡಂನ ಇನ್ನೊಂದ್ಸಲ ಕರೆಸಣ” ಎಂದ. ಅವನು ಅದನ್ನು ನಂಬಿಯೇ ಹೇಳಿದ. ಸುಳ್ಳನಾಗಿದ್ದರೆ ಗುರುದೇವಿಗೆ ಅವನ ಮೇಲೆ ಸ್ವಲ್ಪವಾದರೂ ಗೌರವ ಉಳಿಯುತ್ತಿತ್ತು.

ಚೈತ್ರ ಬಂದಳು. ಅರ್ಧಚಂದ್ರದಲ್ಲಿ ಹನುಮವ್ವನ ಜಾಗ ಖಾಲಿ ಇತ್ತು.

“ಅವರೆಲ್ಲಿ, ಹುಷಾರಿಲ್ವಾ?”

ಹಾಡು ಮುಗಿದ ಮೇಲೆ ಗುರುದೇವಿ ಅವಳನ್ನು ಹಲಸಿನ ಮರದಡಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. ಮೂಲೆ ಹಿಡಿದದ್ದು, ಸರದಿ ಮಾಡಿಕೊಂಡದ್ದು, ಕ್ಯಾಮೆರಾ. “ನೀವು ಉಸಿರು ಹಂಚ್ಕೊಳ್ಳಾಕ ಕಲಿಸಿದ್ರಿ. ನಾವು ಹಂಚ್ಕೊಂಡ್ವಿ. ಇವರು ಒಬ್ಬಾಕಿದ ಉಸಿರು ಹೆಚ್ಚಾತು ಅಂತ ಕಳ್ಸಿಬಿಟ್ರು.”

ಚೈತ್ರಳ ಮುಖ ಕೆಂಪಾಯಿತು. “ನಾನು ಹೋಗಿ ಮಾತಾಡ್ತೀನಿ” ಎಂದಳು.

“ಗಾಜಿನ ಕೋಣ್ಯಾಗ? ಕಾಫಿ ಕೊಡ್ತಾರ, ಕುಡದು ಬರ್ರಿ.”

ಚೈತ್ರ ಹೋದಳು, ಕಾಫಿ ಕುಡಿದು ಬಂದಳು. ಮುರಳೀಕೃಷ್ಣ ಅವಳಿಗೆ, “ಮೇಡಂ, ನಿಮ್ ಟೀಚಿಂಗ್‌ನಿಂದಾನೇ ನಮ್ಗೆ ಎಫಿಶಿಯೆನ್ಸಿ ಗೊತ್ತಾಗಿದ್ದು, ಹೆಮ್ಮೆಪಡಬೇಕು ನೀವು” ಎಂದಿದ್ದ. ಅದನ್ನು ಅವಳು ಮುಚ್ಚಿಡದೆ ಬಂದು ಹೇಳಿದಳು. ಗುರುದೇವಿಗೆ ಮೊದಲ ಬಾರಿ ಆಕೆಯ ಮೇಲೆ ಕನಿಕರ ಬಂತು. ಹೇಳಿಕೊಳ್ಳುವಂಥ ಕನಿಕರವೇನಲ್ಲ, ತಡವಾಗಿ ತಿಳಿದವರ ಮೇಲೆ ಬರುವಂಥದು.

“ಆಸ್ಪತ್ರಿಯವರು ಬರೋ ದಿನ ಹಾಡಸ್ತೀರಲ್ಲ, ಎಲ್ಲಿ ಹಾಡಸ್ತೀರಿ?” ಎಂದು ಕೇಳಿದಳು.

“ಗಾಜಿನ ಕೋಣೆ ಮುಂದೆ. ಅವರು ಒಳಗೆ ಕೂರ್ತಾರೆ, ಎಸಿ ಇದೆಯಲ್ಲ.”

“ಮಷೀನ್ ಮುಂದ ಹಾಡಸ್ರಿ. ಮತ್ತ ಆ ಮುಷ್ಟಿ, ಅದನ್ನ ಲಗೂನ ಮುಚ್ಚಬ್ಯಾಡ್ರಿ.”

ಚೈತ್ರ ಅವಳನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಕೆಲಸದ ಜಾಗದಲ್ಲೇ ಹಾಡಿದರೆ ವಿಡಿಯೊ ಸಹಜವಾಗಿ ಬರುತ್ತದೆ ಎಂದು ಚೈತ್ರ ಹೇಳಿದಾಗ ಮುರಳೀಕೃಷ್ಣ ಹಿಗ್ಗಿ ಒಪ್ಪಿದ. ಆಗಸ್ಟಿನ ಆ ದಿನ ಆಸ್ಪತ್ರೆಯಿಂದ ಒಬ್ಬರು ಹಿರಿಯ ಮೇಡಂ, ಜೊತೆಗೆ ಇಬ್ಬರು ಬಂದರು. ಲಕ್ಷ್ಮೀಪತಿ ಕೋಟು ಹಾಕಿದ್ದ. ‘ಒಂದೇ ದನಿ, ಒಂದೇ ಮನೆ’ ಎಂಬ ಬ್ಯಾನರು ಕಟ್ಟಿದ್ದರು. ಮಷೀನು ಓಡುತ್ತಿತ್ತು, ಮೂವರು ಶೀಟು ಕೊಡುತ್ತಿದ್ದರು, ಉಳಿದವರು ಸುತ್ತ ನಿಂತಿದ್ದರು. ಅತಿಥಿಗಳನ್ನು ರೋಲರಿನ ಪಕ್ಕ, ಹಬೆ ಏಳುವ ಕಡೆ ನಿಲ್ಲಿಸಿದವಳು ಚೈತ್ರ.

ಅಂಗೈ ತೆರೆದಳು. ಮುರಳೀಕೃಷ್ಣನ ಎರಡು ಸಾಲು ಶುರುವಾಯಿತು. ಅವು ನಾಲ್ಕು ಸಲ ಬಂದ ಮೇಲೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೊನೆಯ ‘ಬದುಕು’ ಎಂಬ ಪದದ ಉಕಾರವನ್ನು ಎಲ್ಲರೂ ಹಿಡಿದುಕೊಂಡರು. ಒಬ್ಬರು ಉಸಿರೆಳೆದರೆ ಇನ್ನೊಬ್ಬರು ತುಂಬಿದರು. ಐದು ನಿಮಿಷವಾಯಿತು. ಹಾಡು ನಡೆಯುತ್ತಿರುವಾಗ ಎದ್ದುಹೋಗುವುದು ಮರ್ಯಾದೆಯಲ್ಲ. ಲಕ್ಷ್ಮೀಪತಿಯ ಕೋಟಿನ ಕಂಕುಳು ಕಪ್ಪಾಯಿತು. ಮುರಳೀಕೃಷ್ಣ ಫೋನು ಹಿಡಿದ ಕೈಯಿಂದಲೇ ಚೈತ್ರಳಿಗೆ ಸಾಕು ಎಂದು ಸನ್ನೆ ಮಾಡಿದ. ಚೈತ್ರ ಅವನ ಕಡೆ ತಿರುಗಲಿಲ್ಲ. ಅವಳ ಅಂಗೈ ತೆರೆದೇ ಇತ್ತು.

ನಡುವೆ ನಿಂತಿದ್ದವಳು ಗುರುದೇವಿ, ಎರಡು ಕೈಯಲ್ಲಿ ಎರಡು ಶೀಟು. ಹಾಡುತ್ತಿದ್ದಳು, ಗಂಟಲು ತೆರೆಯದೆ, ಪಕ್ಕದವರಿಗೆ ಕೇಳುವಷ್ಟೇ. ಮೇಡಂ ಮೊದಲು ಕರವಸ್ತ್ರದಿಂದ ಹಣೆ ಒರೆಸಿಕೊಂಡರು, ಆಮೇಲೆ ಕುತ್ತಿಗೆ. ಹತ್ತನೆಯ ನಿಮಿಷಕ್ಕೆ ಕಂಬ ಹಿಡಿದು, “ನಿಲ್ಸಿ. ದಯವಿಟ್ಟು ನಿಲ್ಸಿ” ಎಂದರು. ಚೈತ್ರ ಮುಷ್ಟಿ ಮುಚ್ಚಿದಳು.

“ಇಷ್ಟು ಸೆಖೆಲಿ ನೀವು ಎಷ್ಟು ಹೊತ್ತು ನಿಲ್ತೀರಮ್ಮ?” ಎಂದು ಮೇಡಂ ಗುರುದೇವಿಯನ್ನು ಕೇಳಿದರು.

“ಒಂಬತ್ತು ತಾಸ್ರೀ. ಮೊದಲು ನಾಲ್ಕು ಮಂದಿ ಇದ್ವಿ. ಒಬ್ಬಾಕಿ ಬಿಸಿಗೆ ಬಿದ್ಲು. ಹೊಳ್ಳಿ ಎದ್ದು ಕೆಲಸಾ ಮಾಡಾಕತ್ತಿದ್ಲು, ಆಕಿನ್ನ ಮನಿಗೆ ಕಳಿಸಿದ್ರು. ನಮಗ ಹಾಡು ಕಲಿಸಿದ್ರು.”

ಲಕ್ಷ್ಮೀಪತಿ ನಕ್ಕ. “ಫ್ಯಾಮಿಲಿ ಮೇಡಂ, ಸಲಿಗೆಯಿಂದ ಮಾತಾಡ್ತಾರೆ” ಎಂದ.

ಹದಿನೈದು ದಿನದಲ್ಲಿ ಆಸ್ಪತ್ರೆಯ ಪತ್ರ ಬಂತು: ಇದನ್ನು ಸರಿಮಾಡದಿದ್ದರೆ ಬಟ್ಟೆ ಕಳಿಸುವುದಿಲ್ಲ. ಗೋಡೆ ಒಡೆದರು, ಮೂರು ದೊಡ್ಡ ಫ್ಯಾನು ಕೂರಿಸಿದರು, ರೋಲರ್ ಮುಂದೆ ನಾಲ್ಕು ಜನ ಕಡ್ಡಾಯ ಎಂದು ಬೋರ್ಡು ಹಾಕಿದರು. ನೀರಿಗೆ ಬಿಡುವು ಕೊಟ್ಟರು. ಬೋರ್ಡಿನ ಮುಂದೆ ನಿಂತು ಮುರಳೀಕೃಷ್ಣ ಫೋಟೊ ತೆಗೆಸಿಕೊಂಡು, ಸಂಗೀತದಿಂದ ಸಾಧಿಸಿದ ಬದಲಾವಣೆ ಎಂದು ಎಲ್ಲೆಲ್ಲೋ ಹಾಕಿದ. ಚೈತ್ರಳನ್ನು ಮತ್ತೆ ಕರೆಯಲಿಲ್ಲ. ಅವಳನ್ನು ಕರೆಯಬೇಡಿ ಎಂದು ಬೇರೆ ಎರಡು ಕಂಪನಿಗಳಿಗೂ ಮಾತು ಹೋಯಿತಂತೆ.

ಹನುಮವ್ವನಿಗೆ ಮುರಳೀಕೃಷ್ಣನೇ ಫೋನು ಮಾಡಿದ. ಅವಳು ಬರಲಿಲ್ಲ. ಭಾನುವಾರ ಗುರುದೇವಿ ಹೊಸಹಳ್ಳಿಗೆ ಹುಡುಕಿಕೊಂಡು ಹೋದಳು. ಮೆಟ್ರೊ ನಿಲ್ದಾಣದ ಹಿಂದಿನ ರಸ್ತೆಯ ಖಾನಾವಳಿಯೊಂದರಲ್ಲಿ ಹನುಮವ್ವ ಬಾಗಿಲ ಪಕ್ಕ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಬಾರಕ್ಕ. ಈಗ ಎಲ್ಲಾ ಸುಧಾರಿಸ್ಯಾರ. ನಿನ್ನ ಜಾಗ ಹಂಗ ಐತಿ.”

ಹನುಮವ್ವ ರೊಟ್ಟಿ ತಿರುವಿ ಹಾಕಿದಳು. “ಬ್ಯಾಡಂದಾಗ ಹೋಗಾಕ, ಬೇಕಂದಾಗ ಬರಾಕ, ನಾ ಏನ್ ಅವರ ಬಾಗ್ಲಾಗಿನ ಚಪ್ಲಿ ಏನು?”

“ನಮ್ಮ ಸಲುವಾಗಿ ಬಾ.”

“ನಿಮ್ಮ ಸಲುವಾಗಿ ಇಲ್ಲಿಗೆ ಬರ್ರಿ, ಉಣ್ಣಾಕ ಹಾಕ್ತೀನಿ. ಅವರ ಅಂಗಳಾ ತುಳ್ಯಂಗಿಲ್ಲ.”

ಇಷ್ಟು ವರ್ಷ ಮೆತ್ತಗಿನವಳು ಎಂದುಕೊಂಡಿದ್ದ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ಗುರುದೇವಿ ಮತ್ತೆ ಒತ್ತಾಯಿಸಲಿಲ್ಲ. ಎರಡು ರೊಟ್ಟಿ, ಕಡಲೆಹಿಟ್ಟಿನ ಝುಣಕ ತಿಂದು, ತಟ್ಟೆ ತಾನೇ ತೊಳೆದಿಟ್ಟು ಬಂದಳು.

ಸೋಮವಾರ ರೋಲರ್ ಮುಂದೆ ಯಾದಗಿರಿಯಿಂದ ಬಂದ ಹೊಸಬಳೊಬ್ಬಳು ನಿಂತಿದ್ದಳು. ಶೀಟಿನ ಮೂಲೆಯನ್ನು ಬೆಂಕಿ ಹಿಡಿದ ಹಾಗೆ ತುದಿಬೆರಳಲ್ಲಿ ಹಿಡಿದಿದ್ದಳು. ಗುರುದೇವಿ ಅವಳ ಕೈಹಿಡಿದು ಪಟ್ಟು ಸರಿಮಾಡಿದಳು.

“ಮುಂಜಾನೆ ಏನರ ತಿಂದು ಬಂದೀಯೇನು?”

“ಇಲ್ರೀ.”

“ಹಂಗಾರ ಮೊದಲು ಹೋಗಿ ತಿಂದು ಬಾ” ಎಂದು ಗುರುದೇವಿ ಅವಳ ಮೂಲೆಯನ್ನು ತಾನು ಹಿಡಿದುಕೊಂಡಳು.